ಹಳೆ ಆಂಬುಲೆನ್ಸ್‌ನಿಂದ ಮನೆಮಂದಿಯ ಕ್ಯಾಂಪರ್: ಮಲೆನಾಡಿನ ಮಳೆಗೆ ತಡೆಯುವ ಹಾಗೆ, ಹಂತ ಹಂತವಾಗಿ

ಕ್ಯಾಂಪರ್ (ಒಳಗೇ ಮಲಗಿ, ಉಂಡು ಊರೂರು ಸುತ್ತುವ ಗಾಡಿ) ಮಾಡಲು ತಂದ ಹಳೆ ಆಂಬುಲೆನ್ಸ್ ಮನೆಗೆ ಬಂದ ದಿನವೇ ಬಡಗಿಯನ್ನು ಕರೆಯಬೇಡಿ. ಈ ಕೆಲಸಕ್ಕೆ ಕೈ ಹಾಕಿ ಅರ್ಧಕ್ಕೇ ಬಿಟ್ಟವರಲ್ಲಿ ಹೆಚ್ಚಿನವರದ್ದು ಒಂದೇ ಕಥೆ. ಮೊದಲು ಮಂಚ, ಕಪಾಟು, ಚಂದದ ಲೈಟು ಎಲ್ಲ ಆಗುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಎಲ್ಲೋ ಸೋರುತ್ತದೆ. ಎಲ್ಲಿ ಅಂತ ನೋಡಲು ಕಪಾಟು ಕಿತ್ತರೆ ಹಿಂದೆ ಬೂಸ್ಟು, ಕೆಳಗೆ ತುಕ್ಕು. ಅಷ್ಟೊತ್ತಿಗೆ ಆರ್‌ಟಿಒದಲ್ಲಿ ಬೇರೆಯೇ ತಕರಾರು ಎದ್ದಿರುತ್ತದೆ.

ಕಾಗದ, ತಗಡು, ನೀರು, ಕರೆಂಟು, ಕೊನೆಗೆ ಮರ. ಈ ಸಾಲು ತಪ್ಪಿಸಬೇಡಿ. ಕೆಳಗಿನ ಹಂತಗಳು ಇದೇ ಸಾಲಿನಲ್ಲಿವೆ.

ಕೈಯಲ್ಲಿ ಇರಬೇಕಾದ ಸಾಮಾನು

ಸಾಕೆಟ್ ಸ್ಪ್ಯಾನರ್ ಸೆಟ್ಟು, ಡ್ರಿಲ್, ವೈರ್ ಬ್ರಷ್ ಕಪ್ ಹಾಕಿದ ಆಂಗಲ್ ಗ್ರೈಂಡರ್, ಮಲ್ಟಿಮೀಟರ್, ಒಳ್ಳೆಯ ಕ್ರಿಂಪಿಂಗ್ ಟೂಲ್ (ವೈರಿನ ತುದಿಯನ್ನು ಒತ್ತಿ ಜೋಡಿಸುವುದು), ಹೀಟ್ ಗನ್, ಸೀಲೆಂಟ್ ಗನ್, ದಪ್ಪ ರಬ್ಬರ್ ಗ್ಲೌಸ್, ಕನ್ನಡಕ, ಮಾಸ್ಕ್, ಉದ್ದ ಹೋಸ್ ಪೈಪು. ವೆಲ್ಡಿಂಗ್ ಮತ್ತು ಟಿಂಕರಿಂಗ್ ಹೊರಗೇ ಮಾಡಿಸಿ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋದರೆ ಬಾಡಿ ಕೆಲಸದವರು ಸಿಗುತ್ತಾರೆ. ತಗಡು, ಬಣ್ಣದ ಕೆಲಸವೆಲ್ಲ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಜೂನ್‌ನಲ್ಲಿ ಹೊಡೆದ ಪ್ರೈಮರ್ ಮೇಲಿಂದ ಒಣಗಿದ ಹಾಗೆ ಕಂಡರೂ ಅಡಿಯಲ್ಲಿ ತೇವ ಹಿಡಿದುಕೊಂಡಿರುತ್ತದೆ.

1. ದುಡ್ಡು ಕೊಡುವ ಮುಂಚೆ ಕಾಗದ

ಮೊದಲು ಗಾಡಿಯ ವಯಸ್ಸು ನೋಡಿ. 2023ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಣ ಆಗುವುದಿಲ್ಲ. ಅವು ಗುಜರಿಗೇ ಹೋಗಬೇಕು. ಹಾಗಾಗಿ ಸರ್ಕಾರಿ ಆಸ್ಪತ್ರೆಯ ಹಳೆ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಆರ್‌ಸಿ ಜೀವಂತ ಇದೆಯಾ ಅಂತ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಆರ್‌ಸಿ ರದ್ದಾಗಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಖಾಸಗಿ ಆಸ್ಪತ್ರೆ ಅಥವಾ ಟ್ರಸ್ಟಿನ ಗಾಡಿಯಾದರೆ ಎಫ್‌ಸಿ (ಫಿಟ್‌ನೆಸ್ ಪತ್ರ), ಇನ್ಶೂರೆನ್ಸ್, ಬ್ಯಾಂಕಿನ ಸಾಲ ಮೂರನ್ನೂ ನೋಡಿ. ಸಾಲ ತೀರಿದ್ದರೆ ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಬೇರೆ ರಾಜ್ಯದ ಗಾಡಿಯಾದರೆ ಫಾರಂ 28ರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ).

ಆಮೇಲೆ ದೊಡ್ಡ ವಿಷಯ. ಆಂಬುಲೆನ್ಸ್ ಅಂದರೆ ಟ್ರಾನ್ಸ್‌ಪೋರ್ಟ್ ಗಾಡಿ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ನಾನ್ ಟ್ರಾನ್ಸ್‌ಪೋರ್ಟ್ ಪಟ್ಟಿಯಲ್ಲಿ ಬರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಬೇಕು. ಗಾಡಿ ಕೊಯ್ಯುವ ಮುಂಚೆಯೇ ಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸಿದ ಗಾಡಿ ನೋಂದಣಿಗೆ ಬರುವುದಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಮೋಟಾರ್ ಕ್ಯಾರವಾನ್‌ಗಳಿಗೆ, ಅಂದರೆ ಇಂಥ ಮಲಗುವ ಗಾಡಿಗಳಿಗೆ, ಎಐಎಸ್ 124 ಅಂತ ಪ್ರತ್ಯೇಕ ಮಾನದಂಡವೇ ಇದೆ. ಸೀಟು, ಮಂಚ, ಕಿಟಕಿ, ಗ್ಯಾಸ್ ಎಲ್ಲಿ ಬರುತ್ತವೆ ಅಂತ ಅಳತೆ ಹಾಕಿದ ಒಂದು ನಕ್ಷೆ ಮಾಡಿಕೊಳ್ಳಿ. ಗಾಡಿ ಎಲ್ಲಿ ನೋಂದಣಿ ಆಗಬೇಕೋ ಆ ಆರ್‌ಟಿಒಗೇ ಹೋಗಿ ಬ್ರೇಕ್ ಇನ್‌ಸ್ಪೆಕ್ಟರ್ (ಮೋಟಾರು ವಾಹನ ನಿರೀಕ್ಷಕರು) ಹತ್ತಿರ ಕೂತು ಮಾತಾಡಿ. ಶಿವಮೊಗ್ಗದವರಿಗೆ ಕೆಎ 14, ಸಾಗರದ ಕಡೆಯವರಿಗೆ ಕೆಎ 15. ತೆರಿಗೆ ವ್ಯತ್ಯಾಸ ಎಷ್ಟು ಕಟ್ಟಬೇಕು ಅನ್ನುವುದನ್ನೂ ಅಲ್ಲೇ ಬರೆಸಿಕೊಳ್ಳಿ. ಏಜೆಂಟರ ಬಾಯಿಮಾತು ನಂಬಿ ಗಾಡಿ ತರಬೇಡಿ.

2. ಗಾಡಿ ನೋಡುವಾಗ ಕಿಲೋಮೀಟರ್ ನಂಬಬೇಡಿ

ಆಂಬುಲೆನ್ಸಿನ ಮೀಟರು ಅರ್ಧ ಸತ್ಯ ಮಾತ್ರ ಹೇಳುತ್ತದೆ. ಆಸ್ಪತ್ರೆ ಗೇಟಿನ ಮುಂದೆ ಎಸಿ ಹಾಕಿಕೊಂಡು ಗಂಟೆಗಟ್ಟಲೆ ಇಂಜಿನ್ ಓಡಿರುತ್ತದೆ. ಕಿಲೋಮೀಟರ್ ಏರುವುದಿಲ್ಲ, ಇಂಜಿನ್ ಸವೆಯುತ್ತದೆ. ಕರೆ ಬಂದ ಕೂಡಲೇ ತಣ್ಣಗಿರುವ ಇಂಜಿನ್ನಿಗೆ ಪೂರ್ತಿ ಆಕ್ಸಿಲರೇಟರ್ ತುಳಿದಿರುತ್ತಾರೆ. ಟರ್ಬೊ, ಕ್ಲಚ್, ಬ್ರೇಕ್ ಮೂರಕ್ಕೂ ಏಟು.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಹೊತ್ತಿಗೆ ಬಾನೆಟ್ ಬಿಸಿಯಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಲೆಕ್ಕ. ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಹೊಗೆ ಬುಸುಬುಸು ಅಂತ ಒತ್ತಿಕೊಂಡು ಬಂದರೆ ಪಿಸ್ಟನ್ ರಿಂಗ್ ಹೋಗಿದೆ. ಟೈರಿನ ಮೇಲಿನ ನಾಲ್ಕಂಕಿಯ ಗುರುತು ಓದಿ. 2319 ಅಂದರೆ 2019ರ 23ನೇ ವಾರದ ಟೈರು. ಕಚ್ಚು ಎಷ್ಟೇ ಚೆನ್ನಾಗಿದ್ದರೂ ಅಷ್ಟು ಹಳೇ ಟೈರಿನಲ್ಲಿ ಘಾಟಿ ಇಳಿಯುವುದು ಬೇಡ.

ನಾಲ್ಕು ಜನರ ಕುಟುಂಬಕ್ಕೆ ಓಮ್ನಿ, ಈಕೊ ಸಾಲದು. ಉಳಿಯುವುದು ಫೋರ್ಸ್ ಟ್ರಾವೆಲರ್ ಮತ್ತು ಟಾಟಾ ವಿಂಗರ್. ವಿಂಗರ್ ಮುಂದಿನ ಚಕ್ರಕ್ಕೆ ಎಳೆತ ಇರುವ ಗಾಡಿ. ಹಿಂದೆ ಭಾರ ತುಂಬಿ ಕೆಸರಿನ ಏರು ಹತ್ತಿಸಿದರೆ ಮುಂದಿನ ಚಕ್ರ ಸುಮ್ನೆ ತಿರುಗುತ್ತದೆ. ಎಸ್ಟೇಟ್ ರಸ್ತೆ, ಮಣ್ಣಿನ ದಾರಿ ಜಾಸ್ತಿ ಇರುವವರಿಗೆ ಟ್ರಾವೆಲರ್ ವಾಸಿ ಅಂತ ನನ್ನ ಅಭಿಪ್ರಾಯ. ಆದರೆ ಉದ್ದನೆಯ ಟ್ರಾವೆಲರ್ ತಗೊಂಡು ಹೇರ್‌ಪಿನ್ ತಿರುವಿನಲ್ಲಿ ಹಿಂದೆ ಮುಂದೆ ಮಾಡುವುದು ಯಾರಿಗೂ ಬೇಡ. ಚಿಕ್ಕ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರದ ನಡುವಿನ ಅಂತರ) ಸಿಕ್ಕರೆ ಅದನ್ನೇ ಹಿಡಿಯಿರಿ.

3. ಆಸ್ಪತ್ರೆಯದ್ದನ್ನೆಲ್ಲ ಖಾಲಿ ಮಾಡುವುದು

ಮೊದಲು ಆಕ್ಸಿಜನ್. ಕಪ್ಪು ಮೈ, ಬಿಳಿ ಹೆಗಲಿನ ಸಿಲಿಂಡರ್ ಇದ್ದರೆ ವಾಲ್ವ್ ಮುಚ್ಚಿ, ಗ್ಯಾಸ್ ಸಪ್ಲೈಯರ್‌ಗೇ ವಾಪಸ್ ಕೊಡಿ. ಗ್ರೀಸ್ ಹತ್ತಿದ ಸ್ಪ್ಯಾನರ್, ಎಣ್ಣೆ ಕೈ ಆ ಫಿಟಿಂಗಿಗೆ ತಾಗಲೇಬಾರದು. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ಸಿಕ್ಕರೆ ಬೆಂಕಿ ಹತ್ತುತ್ತದೆ. ಸಿಲಿಂಡರ್ ಹೋಗಿ, ಬಾಗಿಲೆಲ್ಲ ತೆರೆದು ಗಾಳಿಯಾಡಿದ ಮೇಲೆ ಗ್ರೈಂಡರ್ ಮುಟ್ಟಿ.

ಎರಡನೆಯದು ಸೂಜಿ. ಬೆಂಚಿನ ಸಂದು, ಸ್ಟ್ರೆಚರ್ ಹಳಿಯ ಕೆಳಗೆ, ಡ್ರಾಯರ್ ಹಿಂದೆ ಬರಿಗೈ ಹಾಕಬೇಡಿ. ಟಾರ್ಚ್ ಬಿಟ್ಟು ನೋಡಿ, ಇಕ್ಕಳದಲ್ಲಿ ತೆಗೆದು ದಪ್ಪ ಡಬ್ಬಿಗೆ ಹಾಕಿ. ಆಸ್ಪತ್ರೆಯಲ್ಲಿ ಸೂಜಿ, ಬ್ಲೇಡಿಗೆ ಅಂತಲೇ ಇರುವ ಬಿಳಿ ಡಬ್ಬಿಗೆ ಅದು ಸೇರಬೇಕು. ಮನೆ ಕಸಕ್ಕೆ ಅಲ್ಲ. ಈ ಕೆಲಸ ಮುಗಿಯುವವರೆಗೆ ಮಕ್ಕಳನ್ನು ಗಾಡಿ ಹತ್ತಿಸಬೇಡಿ.

ಆಮೇಲೆ ತೊಳೆಯುವುದು. ಮೊದಲು ಸೋಪಿನ ನೀರು, ನಂತರ ಶೇಕಡ 1ರ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣ ಹಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಚೆನ್ನಾಗಿ ನೀರು ಹಾಕಿ ಒರೆಸಿ. ಹಾಗೇ ಬಿಟ್ಟರೆ ತಗಡು ತಿನ್ನುತ್ತದೆ. ಜತೆಗೆ ಟಾಯ್ಲೆಟ್ ಕ್ಲೀನರ್ ಆಸಿಡ್ ಬೆರೆಸಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಎರಡನ್ನೂ ಹತ್ತಿರ ಹತ್ತಿರ ಕೂಡ ಇಡಬೇಡಿ.

ಸೈರನ್, ಮೇಲಿನ ತಿರುಗುವ ದೀಪ, ಮುಂದಿನ ತಿರುಗುಮುರುಗು ಅಕ್ಷರ ಎಲ್ಲ ಹೋಗಬೇಕು. ಕೆಂಪು ಶಿಲುಬೆಯ ಗುರುತು ಕೂಡ. ಅದನ್ನು ಒಪ್ಪಿಗೆ ಇಲ್ಲದೆ ಬಳಸುವುದನ್ನು 1960ರ ಜಿನೀವಾ ಒಪ್ಪಂದಗಳ ಕಾಯ್ದೆ ನಿಷೇಧಿಸಿದೆ. ಸ್ಟಿಕರಿಗೆ ಹೀಟ್ ಗನ್ ಹಿಡಿದು ಮೂಲೆಯಿಂದ ನಿಧಾನಕ್ಕೆ ಎಳೆದರೆ ಬಣ್ಣ ಏಳುವುದಿಲ್ಲ. ಗಾಡಿಯ ಬಣ್ಣವನ್ನೇ ಬದಲಾಯಿಸಿದರೆ ಅದೂ ಆರ್‌ಸಿಗೆ ಏರಬೇಕು.

4. ನೆಲ ಕಿತ್ತು ನೋಡಿ

ಬೇರೆ ಹಳೆ ವ್ಯಾನಿಗೂ ಆಂಬುಲೆನ್ಸಿಗೂ ಇರುವ ವ್ಯತ್ಯಾಸ ಇಲ್ಲಿದೆ. ಬೇರೆ ಗಾಡಿಗೆ ತುಕ್ಕು ಹೆಚ್ಚಾಗಿ ಅಡಿಯಿಂದ ಹಿಡಿಯುತ್ತದೆ. ಇದಕ್ಕೆ ಒಳಗಿನಿಂದಲೂ ಹಿಡಿಯುತ್ತದೆ. ವರ್ಷಗಟ್ಟಲೆ ಸಲೈನ್ ಚೆಲ್ಲಿ, ಬ್ಲೀಚಿಂಗ್ ನೀರು ಹಾಕಿ ತೊಳೆದು, ಅದೆಲ್ಲ ವಿನೈಲ್ ಹಾಸಿನ ಅಂಚಿನಿಂದ ಇಳಿದು ಪ್ಲೈವುಡ್ ಕೆಳಗೆ ನಿಂತಿರುತ್ತದೆ. ಉಪ್ಪು, ಕ್ಲೋರಿನ್, ಗಾಳಿಯಾಡದ ತೇವ. ಮೇಲಿಂದ ನೋಡಿದರೆ ನೆಲ ಫಳಫಳ ಹೊಳೆಯುತ್ತಿರುತ್ತದೆ.

ಕೊಳ್ಳುವಾಗಲೇ ಹಿಮ್ಮಡಿಯಲ್ಲಿ ತುಳಿದು ನೋಡಿ. ಸ್ಟ್ರೆಚರ್ ಹಳಿಯ ಪಕ್ಕ, ಹಿಂಬಾಗಿಲ ಹೊಸ್ತಿಲು, ಚಕ್ರದ ಗೂಡಿನ ಮೂಲೆ. ಎಲ್ಲಿಯಾದರೂ ಮೆತ್ತಗೆ ಕುಸಿದರೆ ಒಳಗೆ ಮರ ಕೊಳೆತಿದೆ. ಬೆಲೆ ಇಳಿಸಲು ಅದೇ ಸಾಕು.

ಮನೆಗೆ ತಂದ ಮೇಲೆ ವಿನೈಲ್, ಪ್ಲೈ ಎರಡನ್ನೂ ಪೂರ್ತಿ ಕೀಳಿ. ಮಧ್ಯದ ಚೂರು ಚೆನ್ನಾಗಿದೆ ಅಂತ ಉಳಿಸಬೇಡಿ. ತಗಡಿನ ತುಕ್ಕನ್ನು ವೈರ್ ಬ್ರಷ್‌ನಿಂದ ಹೊಳಪು ಬರುವವರೆಗೆ ಉಜ್ಜಿ, ಸ್ಕ್ರೂಡ್ರೈವರ್ ಮೊನೆಯಿಂದ ಕುಟ್ಟುತ್ತಾ ಹೋಗಿ. ಠಣ್ ಅಂದರೆ ಸರಿ. ಡಬ್ ಅಂದರೆ, ಇಲ್ಲವೇ ಮೊನೆ ಒಳಗೇ ಇಳಿದರೆ ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಕೇಬಲ್ ಬಿಚ್ಚಿ, ಕೆಳಗಿನ ಡೀಸೆಲ್ ಪೈಪು, ವೈರು ಎಲ್ಲಿವೆ ನೋಡಿ.

ಉಳಿದ ಕಡೆ ರಸ್ಟ್ ಕನ್ವರ್ಟರ್, ಎಪಾಕ್ಸಿ ಪ್ರೈಮರ್, ಜೋಡಣೆಗಳಿಗೆ ಸೀಮ್ ಸೀಲರ್, ಆಮೇಲೆ ಬಣ್ಣ. ಹೆಚ್ಚಿನವರು ಮಾಡುವ ತಪ್ಪು, ತುಕ್ಕಿನ ಮೇಲೇ ಅಂಡರ್‌ಬಾಡಿ ಕೋಟಿಂಗ್ ಹೊಡೆಸುವುದು. ಕಪ್ಪಗೆ ಚಂದ ಕಾಣುತ್ತದೆ. ತೇವ ಒಳಗೇ ಸಿಕ್ಕಿಕೊಂಡು ತುಕ್ಕು ಮೊದಲಿಗಿಂತ ಬೇಗ ತಿನ್ನುತ್ತದೆ.

5. ಗಾಡಿಯ ಮಾಡು (ಛಾವಣಿ) ಮುಚ್ಚಿ, ನೀರು ಬಿಟ್ಟು ನೋಡಿ

ದೀಪ, ಸೈರನ್, ಆಂಟೆನಾ ಕಿತ್ತ ಮೇಲೆ ಮಾಡಿನಲ್ಲಿ ತೂತುಗಳು ಉಳಿಯುತ್ತವೆ. ಹೊಸ ಕಿಟಕಿ, ಮೇಲಿನ ಫ್ಯಾನಿಗೂ ಈಗಲೇ ಕೊಯ್ಯಿಸಿಬಿಡಿ. ಕೊಯ್ದ ಅಂಚಿಗೆ ಅದೇ ದಿನ ಪ್ರೈಮರ್ ಬೀಳಬೇಕು. ಮಾಡಿನ ಅಡ್ಡಪಟ್ಟಿ, ಬಾಗಿಲ ಪಕ್ಕದ ಕಂಬ ಮಾತ್ರ ಯಾವ ಕಾರಣಕ್ಕೂ ಕೊಯ್ಯಬಾರದು.

ಹಳೆ ತೂತಿಗೆ ಎಂ ಸೀಲ್ ಮೆತ್ತಬೇಡಿ. ಅದು ಗಟ್ಟಿಯಾಗಿ ಕೂರುತ್ತದೆ, ಗಾಡಿ ಅದುರಿದಾಗ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಾತ್‌ರೂಮಿಗೆ ಹಾಕುವ, ವಿನೆಗರ್ ಹಾಗೆ ಹುಳಿ ವಾಸನೆಯ ಸಿಲಿಕೋನ್ ಕೂಡ ಬೇಡ. ಅದರ ಆಮ್ಲ ಬರಿ ಕಬ್ಬಿಣಕ್ಕೆ ತುಕ್ಕು ತರಿಸುತ್ತದೆ. ತೂತನ್ನು ವೆಲ್ಡ್ ಮಾಡಿಸಿ ಮುಚ್ಚಿ, ಇಲ್ಲವೇ ಮೇಲೊಂದು ತಗಡಿನ ತೇಪೆ ಇಟ್ಟು ಗಾಡಿ ಬಾಡಿಗೆ ಅಂತಲೇ ಬರುವ ಪಾಲಿಯುರೆಥೇನ್ ಸೀಲೆಂಟ್ ಹಾಕಿ. ಅದು ರಬ್ಬರಿನಂತೆ ಬಾಗುತ್ತದೆ, ಮೇಲೆ ಬಣ್ಣವೂ ಹಿಡಿಯುತ್ತದೆ.

ಸೀಲೆಂಟ್ ಒಣಗಿದ ಮೇಲೆ ನೀರಿನ ಪರೀಕ್ಷೆ. ಇದನ್ನು ಕೆಳಗಿನಿಂದ ಮೇಲಕ್ಕೆ ಮಾಡಬೇಕು. ಎಲ್ಲರೂ ಸೀದಾ ಮಾಡಿನ ಮೇಲೆ ನೀರು ಸುರಿಯುತ್ತಾರೆ. ನೀರು ಎಲ್ಲ ಜೋಡಣೆಯ ಮೇಲೂ ಹರಿದು ಬರುತ್ತದೆ, ಒಳಗೆ ಹನಿ ಬಿದ್ದರೂ ಯಾವ ಸಂದಿನಿಂದ ಬಂತು ಅಂತ ಗೊತ್ತಾಗುವುದಿಲ್ಲ. ಹೋಸ್ ಪೈಪನ್ನು ಮೊದಲು ಬಾಗಿಲ ಕೆಳಗಿನ ರಬ್ಬರಿಗೆ ಹಿಡಿಯಿರಿ. ಆಮೇಲೆ ಕಿಟಕಿ, ಮುಂದಿನ ಗಾಜಿನ ಸುತ್ತ, ಮಾಡಿನ ಅಂಚಿನ ಕಾಲುವೆ, ಕೊನೆಗೆ ಮಾಡು. ಒಂದೊಂದು ಕಡೆ ಹತ್ತು ನಿಮಿಷ. ಒಳಗೊಬ್ಬರು ಟಾರ್ಚ್ ಮತ್ತು ಟಿಶ್ಯೂ ಕಾಗದ ಹಿಡಿದು ಕೂರಬೇಕು. ಕಣ್ಣಿಗೆ ಕಾಣದ ತೇವ ಟಿಶ್ಯೂನಲ್ಲಿ ಕಲೆಯಾಗಿ ಮೂಡುತ್ತದೆ. ಪ್ರೆಶರ್ ವಾಷರ್ ಬಳಸಬೇಡಿ, ಅದು ಸರಿಯಾದ ರಬ್ಬರಿನೊಳಗೂ ನೀರು ನುಗ್ಗಿಸುತ್ತದೆ.

ಇದೇ ಪರೀಕ್ಷೆಯನ್ನು ಗಾಡಿಯ ಮೂತಿ ಮೇಲ್ಮುಖವಾಗಿ ನಿಲ್ಲಿಸಿ ಒಮ್ಮೆ, ಕೆಳಮುಖವಾಗಿ ನಿಲ್ಲಿಸಿ ಒಮ್ಮೆ ನಡೆಸಿ. ನಮ್ಮ ಕಡೆ ಸಮತಟ್ಟಾದ ಅಂಗಳ ಎಷ್ಟು ಮನೆಗೆ ಇದೆ ಹೇಳಿ. ಸಮನೆಲದಲ್ಲಿ ಸೋರದ ಗಾಡಿ ಇಳಿಜಾರಿನಲ್ಲಿ ಸೋರುವುದುಂಟು. ಬಾಗಿಲ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳನ್ನು ತಂತಿ ಹಾಕಿ ಬಿಡಿಸಿ. ಅವನ್ನು ಸೋರುವ ಜಾಗ ಅಂತ ತಿಳಿದು ಮುಚ್ಚಬೇಡಿ.

ಒಳಗೆ ಒಂದು ಹನಿ ಕಂಡರೂ ಮುಂದಿನ ಹಂತಕ್ಕೆ ಹೋಗುವ ಹಾಗಿಲ್ಲ.

6. ಸೀಟು, ಬೆಲ್ಟು, ತೂಕ

ರೋಗಿಯ ಜತೆಯವರು ಕೂರುವ ಅಡ್ಡ ಬೆಂಚಿನಲ್ಲಿ ಮಕ್ಕಳನ್ನು ಕೂರಿಸಿ ಘಾಟಿ ಇಳಿಸಬೇಡಿ. ಓಡುವಾಗ ಎಲ್ಲರಿಗೂ ಮುಂದೆ ಮುಖ ಮಾಡಿದ, ಮೂರು ಬಿಂದುವಿನ ಬೆಲ್ಟಿನ ಸೀಟು ಬೇಕು. ಸೀಟಿನ ಬೋಲ್ಟ್ ನೆಲ ದಾಟಿ ಕೆಳಗೆ ದಪ್ಪ ಕಬ್ಬಿಣದ ಪ್ಲೇಟಿಗೆ ಬಿಗಿಯಾಗಬೇಕು. ಬರೀ ವಾಷರ್ ಹಾಕಿದರೆ ಜೋರಾಗಿ ಬ್ರೇಕ್ ಹಿಡಿದಾಗ ತಗಡು ಹರಿದುಕೊಂಡು ಬರುತ್ತದೆ.

ಗಾಡಿ ಖಾಲಿ ಇರುವ ಈ ಹೊತ್ತಲ್ಲೇ ವೇ ಬ್ರಿಡ್ಜಿಗೆ ಒಯ್ಯಿರಿ. ಪೂರ್ತಿ ಗಾಡಿ ಒಮ್ಮೆ, ಮುಂದಿನ ಚಕ್ರ ಮಾತ್ರ ಒಮ್ಮೆ, ಹಿಂದಿನದು ಒಮ್ಮೆ ತೂಗಿಸಿ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಇದನ್ನು ಕಳೆದರೆ ಉಳಿದದ್ದೇ ನಿಮ್ಮ ಲೆಕ್ಕ. ಜನ, ನೀರು, ಮರ, ಸಾಮಾನು ಎಲ್ಲ ಅದರೊಳಗೇ ಬರಬೇಕು.

7. ಕರೆಂಟು: ಒಳಗೋಡೆಗೆ ಪ್ಯಾನೆಲ್ ಹೊಡೆಯುವ ಮುಂಚೆ

ಆಂಬುಲೆನ್ಸಿನಲ್ಲಿ ಎರಡನೇ ಬ್ಯಾಟರಿ, ಇನ್ವರ್ಟರ್, ಸಾಕೆಟ್ ಇರುತ್ತವೆ. ರೆಡಿ ಇದೆಯಲ್ಲ ಅಂತ ಅದರ ಮೇಲೇ ಕಟ್ಟಬೇಡಿ. ಎಷ್ಟು ಜನ ಎಷ್ಟು ಸಲ ಕಿತ್ತು ಜೋಡಿಸಿದ್ದಾರೋ ಯಾರಿಗೆ ಗೊತ್ತು. ಸೈರನ್ ವೈರನ್ನು ಕಚಕ್ಕಂತ ಕತ್ತರಿಸಿ ಟೇಪು ಸುತ್ತುವುದಲ್ಲ, ಫ್ಯೂಸಿನಿಂದಲೇ ಬಿಡಿಸಿ ತೆಗೆಯಿರಿ. ಎಲ್ಲ ಆಫ್ ಮಾಡಿ ಮಲ್ಟಿಮೀಟರಿನಲ್ಲಿ ಬ್ಯಾಟರಿಯಿಂದ ಹೋಗುವ ಕರೆಂಟ್ ಅಳೆಯಿರಿ. 0.05 ಆಂಪಿಯರ್‌ಗಿಂತ ಜಾಸ್ತಿ ತೋರಿಸಿದರೆ ಎಲ್ಲೋ ಏನೋ ಇನ್ನೂ ಎಳೆಯುತ್ತಿದೆ.

ಹೊಸ ಲೆಕ್ಕ ಹೀಗೆ ಹಾಕಿ. ನಾಲ್ಕು ಎಲ್‌ಇಡಿ ದೀಪ ಐದು ಗಂಟೆ ಉರಿದರೆ 60 ವಾಟ್ ಅವರ್ (ವಾಟನ್ನು ಗಂಟೆಯಿಂದ ಗುಣಿಸಿದ್ದು). ಎರಡು ಸಣ್ಣ ಫ್ಯಾನು, ಒಂದು ಮಾಡಿನ ಫ್ಯಾನು ರಾತ್ರಿಯಿಡೀ ಓಡಿದರೆ 400. ಮೊಬೈಲುಗಳಿಗೆ 60. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜಿಗೆ ದಿನಕ್ಕೆ ಸುಮಾರು 500. ಒಟ್ಟು ಸಾವಿರದ ಆಸುಪಾಸು. 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ಇರುತ್ತದೆ. ಒಂದು ದಿನಕ್ಕೆ ಸರಿ. ಇಂಡಕ್ಷನ್ ಒಲೆಯ ಆಸೆ ಬಿಡಿ.

ಮಾಡಿನ ಮೇಲೆ ಸೋಲಾರ್ ಹಾಕಿ ನಿಶ್ಚಿಂತೆಯಿಂದ ಇರಬಹುದು ಅನ್ನುವುದು ಬಯಲುಸೀಮೆಯ ಮಾತು. ಜುಲೈ ತಿಂಗಳ ಆಗುಂಬೆಯಲ್ಲಿ ಅದನ್ನು ನಂಬಿ ಕೂತರೆ ಫ್ರಿಜ್ಜಿನ ಹಾಲು ಒಡೆಯುತ್ತದೆ. ಇಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನಿಂದಲೇ ಚಾರ್ಜ್ ಆಗಬೇಕು, ಅದಕ್ಕೆ ನಡುವೆ ಎಳೆತಕ್ಕೆ ಮಿತಿ ಹಾಕುವ ಡಿಸಿ ಟು ಡಿಸಿ ಚಾರ್ಜರ್ ಬೇಕು. ಲಿಥಿಯಂ ಬ್ಯಾಟರಿಯನ್ನು ನೇರ ಆಲ್ಟರ್ನೇಟರಿಗೆ ಕಟ್ಟಿದರೆ ಅದು ಸಿಕ್ಕಷ್ಟು ಎಳೆಯುತ್ತದೆ, ನಿಧಾನಕ್ಕೆ ಓಡುವ ಇಂಜಿನ್ನಿನಲ್ಲಿ ಆಲ್ಟರ್ನೇಟರ್ ಸುಟ್ಟೇ ಹೋಗಬಹುದು. 30 ಆಂಪಿಯರಿನ ಚಾರ್ಜರ್ ಗಂಟೆಗೆ ಸುಮಾರು 400 ವಾಟ್ ಅವರ್ ತುಂಬುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಆಗುಂಬೆ ಮುಟ್ಟುವ ಹೊತ್ತಿಗೆ ಮುಕ್ಕಾಲು ಪಾಲು ತುಂಬಿಕೊಂಡಿರುತ್ತದೆ.

ವೈರಿನಲ್ಲಿ ಜಿಪುಣತನ ಮಾಡಬೇಡಿ. ಬಾನೆಟ್ಟಿನಿಂದ ಹಿಂದಕ್ಕೆ ಐದು ಮೀಟರ್ ಅಂದರೆ ಹೋಗಿ ಬರುವುದು ಹತ್ತು. 6 ಚದರ ಮಿಲಿಮೀಟರಿನ ತಾಮ್ರದಲ್ಲಿ 30 ಆಂಪಿಯರ್ ಹರಿದರೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 16 ಚದರದ್ದು ಹಾಕಿದರೆ 0.35ಕ್ಕೆ ಇಳಿಯುತ್ತದೆ. ಫ್ಯೂಸು ಬ್ಯಾಟರಿಗೆ ಒಂದು ಗೇಣಿನ ಒಳಗೇ ಇರಬೇಕು, ಎರಡೂ ಬ್ಯಾಟರಿಗೆ ಬೇರೆ ಬೇರೆ. ವೈರು ತಗಡು ದಾಟುವಲ್ಲೆಲ್ಲ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ). ಕೆಲಸ ಮುಗಿದ ಮೇಲೆ ಎಲ್ಲ ಆನ್ ಮಾಡಿ ಅರ್ಧ ಗಂಟೆ ಬಿಟ್ಟು ಜೋಡಣೆಗಳನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕ್ರಿಂಪ್ ಸರಿಯಿಲ್ಲ. ಪ್ಯಾನೆಲ್ ಹೊಡೆಯುವ ಮುಂಚೆ ಎಲ್ಲ ವೈರಿನ ಫೋಟೊ ತೆಗೆದಿಟ್ಟುಕೊಳ್ಳಿ.

8. ಗಾಳಿ ಮತ್ತು ಬೂಸ್ಟು

ನಾಲ್ಕು ಜನ ಬಾಗಿಲು ಮುಚ್ಚಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರಿನಿಂದಲೇ ಲೀಟರಿನಷ್ಟು ನೀರು ಒಳಗೆ ಸೇರುತ್ತದೆ. ಅದು ತಣ್ಣನೆಯ ತಗಡಿಗೆ ಕೂತು ಹನಿಯುತ್ತದೆ. ಸೋರುತ್ತಿದೆ ಅಂತ ಮತ್ತೆ ಮಾಡು ಕೆದಕುವವರು ಇದನ್ನು ತಿಳಿದುಕೊಳ್ಳಬೇಕು. ಮಳೆಯಿಲ್ಲದ ರಾತ್ರಿಯೂ ಒದ್ದೆಯಾದರೆ ಅದು ಉಸಿರಿನ ನೀರು.

ಮಾಡಿನಲ್ಲಿ ಒಂದು ಎಕ್ಸಾಸ್ಟ್ ಫ್ಯಾನು, ಕೆಳಮಟ್ಟದಲ್ಲಿ ಗಾಳಿ ಒಳಬರಲು ಸೊಳ್ಳೆಪರದೆ ಹಾಕಿದ ಕಿಂಡಿ. ಎರಡೂ ಬೇಕು. ತಣ್ಣನೆಯ ತಗಡಿಗೆ ಒಳಗಿನಿಂದ ಹೊದಿಸಲು ಗ್ಲಾಸ್ ವೂಲ್ ಬೇಡ, ನೀರು ಹೀರಿಕೊಂಡು ಕೂರುತ್ತದೆ. ಮುಚ್ಚಿದ ಕಣದ ನೈಟ್ರೈಲ್ ರಬ್ಬರ್ ಅಥವಾ ಎಕ್ಸ್‌ಎಲ್‌ಪಿಇ ಫೋಮ್ ಹಾಳೆಯನ್ನು ತಗಡಿಗೆ ಅಂಟಿಸಿ. ಬಾಗಿಲ ಒಳಗೆ ತುಂಬುವಾಗ ಕೆಳಗಿನ ನಾಲ್ಕು ಇಂಚು ಖಾಲಿ ಇರಲಿ.

9. ಈಗ ಬಡಗಿಯನ್ನು ಕರೆಯಿರಿ

ಮನೆಯ ಮಾಡ್ಯುಲರ್ ಕಿಚನ್ ಮಾಡುವವರು 18 ಎಂಎಂ ಪ್ಲೈ ಬಿಟ್ಟು ಬೇರೆ ಮುಟ್ಟುವುದಿಲ್ಲ. 8 ಅಡಿ ಉದ್ದ, 4 ಅಡಿ ಅಗಲದ ಅಂಥ ಒಂದು ಹಾಳೆ 35 ಕೆಜಿ ಮೇಲೆ ತೂಗುತ್ತದೆ. ಹತ್ತು ಹಾಳೆ ಹೊಡೆದರೆ ಐದು ಜನ ಹೆಚ್ಚಿಗೆ ಕೂತ ಲೆಕ್ಕ. ನೆಲಕ್ಕೆ 12 ಎಂಎಂ, ಕಪಾಟಿಗೆ 9 ಎಂಎಂ ಸಾಕು. ಐಎಸ್ 710 ಗುರುತಿನ ಮರೈನ್ ಪ್ಲೈ ತಗೊಳ್ಳಿ, ಕತ್ತರಿಸಿದ ಅಂಚಿಗೆಲ್ಲ ವಾರ್ನಿಷ್ ಕುಡಿಸಿ. ಕಪಾಟಿನ ಬೆನ್ನಿಗೂ ಗೋಡೆಗೂ ಎರಡು ಬೆರಳು ಸಂದಿ ಬಿಡಿ. ಬಾಗಿಲಿಗೆ ಮ್ಯಾಗ್ನೆಟ್ ಸಾಲದು, ಒತ್ತಿ ತೆಗೆಯುವ ಚಿಲಕ ಬೇಕು. ಭಾರದ ಸಾಮಾನು ಕೆಳಗೆ, ಮಾಡಿನ ಮೇಲೆ ಕ್ಯಾರಿಯರ್ ಬೇಡವೇ ಬೇಡ.

ನೀರಿಗೆ 20 ಲೀಟರಿನ ಎರಡು ಕ್ಯಾನು, ಕಾಲಲ್ಲಿ ಒತ್ತುವ ಪಂಪು. ಹೊಸಬರಿಗೆ ಅಷ್ಟೇ ಸಾಕು.

ಅಡುಗೆ ಆದಷ್ಟು ಹೊರಗೆ, ತಾರ್ಪಾಲಿನ ಕೆಳಗೆ ಮಾಡಿ. 5 ಕೆಜಿಯ ಸಣ್ಣ ಸಿಲಿಂಡರನ್ನು ಒಳಗಿನಿಂದ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಹಾಗಾಗಿ ಆ ಪೆಟ್ಟಿಗೆಯ ತಳದಲ್ಲೇ ಹೊರಕ್ಕೆ ತೂತು ಇರಬೇಕು. ಇನ್ನೊಂದು ಮಾತು. ಮಳೆಗಾಲದ ಥಂಡಿಗೆ ಅಗ್ಗಿಷ್ಟಿಕೆ ಕಾಯಿಸಿದ ರೂಢಿ ನಮ್ಮದು. ಗಾಡಿಯೊಳಗೆ ಕೆಂಡ ಇಟ್ಟು ಮಲಗಬೇಡಿ. ಇಂಗಾಲದ ಮಾನಾಕ್ಸೈಡಿಗೆ ವಾಸನೆ ಇಲ್ಲ, ಎಚ್ಚರವೇ ಆಗುವುದಿಲ್ಲ. ಅದರ ಅಲಾರಂ ಒಂದನ್ನು ಮಲಗುವ ಮಟ್ಟದಲ್ಲಿ ಹಾಕಿ.

10. ಪರೀಕ್ಷೆ, ನೋಂದಣಿ, ಮೊದಲ ಓಡಾಟ

ನೀರು, ಜನ, ಸಾಮಾನು ತುಂಬಿ ಮತ್ತೆ ವೇ ಬ್ರಿಡ್ಜಿಗೆ ಹೋಗಿ. ಎಡಬಲ ವಾಲಿದ್ದರೆ ಕಣ್ಣಿಗೇ ಕಾಣುತ್ತದೆ. ಆರ್‌ಟಿಒ ತಪಾಸಣೆ ಮುಗಿಸಿ, ಆರ್‌ಸಿಯಲ್ಲಿ ಬದಲಾವಣೆ ಬಂದ ಮೇಲೆ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ. ಪಾಲಿಸಿ ಆಂಬುಲೆನ್ಸ್ ಹೆಸರಲ್ಲೇ ಉಳಿದರೆ ಕ್ಲೇಮ್ ಹೊತ್ತಿಗೆ ಕೈ ಎತ್ತುತ್ತಾರೆ.

ಮೊದಲ ರಾತ್ರಿ ಮನೆ ಅಂಗಳದಲ್ಲೇ ಮಲಗಿ. ಮೊದಲ ಓಡಾಟ ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿವರೆಗೆ ಸಾಕು. ಅಲ್ಲಿ ನಿಲ್ಲಿಸಿ ಪ್ರತಿ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ವಿಪರೀತ ಬಿಸಿಯಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಸೀಟಿನ ಬೋಲ್ಟು, ಚಕ್ರದ ನಟ್ಟು ಮತ್ತೊಮ್ಮೆ ಬಿಗಿ ಮಾಡಿ.

ಅದೆಲ್ಲ ಸರಿಯಿದ್ದರೆ ಆಗುಂಬೆ ಘಾಟಿಯ 14 ತಿರುವು. ಇಳಿಯುವಾಗ ಎರಡನೇ ಗೇರು, ಬ್ರೇಕು ಬಿಟ್ಟು ಬಿಟ್ಟು ಒತ್ತಿ. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ ಅಗಲ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ಬಿಸಿ ಚಕ್ರಕ್ಕೆ ನೀರು ಹೊಯ್ಯಬೇಡಿ. ಮಳೆಗಾಲದಲ್ಲಿ ಈ ಘಾಟಿಯಲ್ಲಿ ಗಾಡಿಗಳಿಗೆ ನಿರ್ಬಂಧ ಹಾಕುವುದುಂಟು, ಹೊರಡುವ ಮುಂಚೆ ವಿಚಾರಿಸಿ. ಕೊಡಚಾದ್ರಿಯ ಜೀಪ್ ದಾರಿಗೆ ಈ ಗಾಡಿ ಒಯ್ಯಬೇಡಿ.

ರಾತ್ರಿ ತಂಗಲು ಶೆಟ್ಟಿಹಳ್ಳಿ, ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳ ಒಳಗೆ ಗಾಡಿ ನಿಲ್ಲಿಸಬಾರದು. ಹೋಂಸ್ಟೇ ಅಂಗಳವೋ, ಕೇಳಿ ಒಪ್ಪಿಸಿಕೊಂಡ ಯಾರದ್ದಾದರೂ ಮನೆಯ ಕಣವೋ ವಾಸಿ. ತೆಂಗು, ಹಲಸಿನ ಮರದ ಕೆಳಗೆ ಬೇಡ. ಹೊಳೆ ದಂಡೆಯಂತೂ ಬೇಡ, ಮೇಲೆ ಘಟ್ಟದಲ್ಲಿ ಮಳೆ ಬಿದ್ದರೆ ತುಂಗೆ ರಾತ್ರೋರಾತ್ರಿ ಏರುತ್ತಾಳೆ.

ಪ್ರತಿ ವರ್ಷ ಮೇ ತಿಂಗಳಲ್ಲಿ, ಮೃಗಶಿರಾ ಹುಟ್ಟುವ ಮುಂಚೆ, ಐದನೇ ಹಂತದ ಹೋಸ್ ಪೈಪ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಬಿರುಕು ಬಿಟ್ಟ ಸೀಲೆಂಟಿನ ಮೇಲೆ ಹೊಸದು ಬಳಿಯಬೇಡಿ, ಹಳೆಯದನ್ನು ಪೂರ್ತಿ ಕೆರೆದು ತೆಗೆದು ಹಾಕಿ.